ಗುರುಮಲ್ಲ ಅವ್ವನ ಕನಸಿಗೆ ಬೀಗ ಹಾಕಿದ್ದು

ಕೂತ್ಕೊಳ್ಳಿ, ಹೇಳ್ತೀನಿ. ಮಧ್ಯದಲ್ಲಿ ಬಾಯಿ ಹಾಕಿ ಹಂಗೆಲ್ಲಾ ಎಲ್ಲಾದ್ರೂ ಉಂಟಾ ಅಂತ ಕೇಳಿದ್ರೆ ಎದ್ದು ಹೊರಟುಬಿಡ್ತೀನಿ. ಉಂಟು ಅಂತಲೇ ತಾನೇ ಹೇಳೋಕೆ ಕೂತಿರೋದು.

ಮೂಡಲಹುಂಡಿ ಅಂತ ಒಂದೂರು. ಅಲ್ಲಿ ಬಸಮ್ಮಣ್ಣಿ ಅಂತ ಒಬ್ಬಳು, ಅವಳಿಗೆ ಗುರುಮಲ್ಲ ಅಂತ ಒಬ್ಬನೇ ಮಗ. ಮುತ್ತುಗದ ಎಲೆ ತಂದು, ನೆನೆಸಿ, ಕಡ್ಡಿ ಚುಚ್ಚಿ, ಊಟದ ಎಲೆ ಹಚ್ಚಿ ಮಾರೋದು ಅವಳ ಬದುಕು. ಮಗ ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಓದು ಬರಹ ಬಂದಿತ್ತು. ಬುದ್ಧಿ ಒಂದು ಬಿಟ್ಟು ಎಲ್ಲಾ ಬಂದಿತ್ತು. ಹಾಲು ನೋಡ್ತಿರು ಅಂದ್ರೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಲನ್ನೇ ನೋಡೋನು. ಉಕ್ಕಿ ಹರಿದು ಬೂದಿ ಪಾಲಾದ್ರೂ ನೋಡ್ತಾನೇ ಇರೋನು.

“ಉಕ್ಕಿತಲ್ಲೋ ಪಾಪಿ.”

“ಹೂಂ ಕಣವ್ವ, ನೋಡ್ದೆ.”

ಬಸಮ್ಮಣ್ಣಿ ಹಣೆ ಹಣೆ ಚಚ್ಕೊಳ್ಳೋಳು. “ನಿಂಗೆ ಯಾವ ಕಾಲಕ್ಕೆ ಬುದ್ಧಿ ಬರುತ್ತೋ ಮಗನೇ” ಅನ್ನೋಳು. ಅವನು ತಲೆ ಆಡಿಸಿ, “ಆಯ್ತು ಬುಡವ್ವ, ಇನ್ಮೇಲೆ ಹೇಳ್ದಂಗೇ ಮಾಡ್ತೀನಿ” ಅನ್ನೋನು. ಅದೇ ನೋಡಿ ಬಂದಿದ್ದ ಕಷ್ಟ. ಅವನು ಯಾವಾಗ್ಲೂ ಹೇಳಿದಂಗೇ ಮಾಡ್ತಿದ್ದ.

ಆ ಊರಲ್ಲಿ ಒಂದು ಪದ್ಧತಿ. ರಾತ್ರಿ ಕನಸು ಬಿದ್ರೆ ಬೆಳಿಗ್ಗೆ ಎದ್ದು ಮೊದಲು ನೀರಿಗೆ ಹೇಳಬೇಕು, ಆಮೇಲೆ ಮನುಷ್ಯರಿಗೆ. ಕೆಟ್ಟದ್ದಾದ್ರೆ ನೀರು ಕರಗಿಸುತ್ತೆ, ಒಳ್ಳೇದಾದ್ರೆ ತಂಪಾಗಿ ಇಟ್ಕೊಳ್ಳುತ್ತೆ ಅಂತ. ಬಸಮ್ಮಣ್ಣಿ ಹಿತ್ತಲ ತೊಟ್ಟಿ ಮೇಲೆ ಬಗ್ಗಿ, ಮುಖ ತೊಳೆಯೋಕ್ಕೂ ಮುಂಚೆ, ಮೆಲ್ಲಗೆ ಹೇಳ್ಕೊಳ್ಳೋಳು. ಗುರುಮಲ್ಲ ಬೇವಿನಕಡ್ಡಿ ಅಗೀತಾ ಪಕ್ಕದಲ್ಲೇ ಕೂತು ಕೇಳಿಸ್ಕೊಳ್ಳೋನು.

“ದೇವಿ ಹೊಳೆ ಮೇಲೆ ನಡ್ಕೊಂಡು ಬರ್ತಿದ್ಲು. ನಾನು ಹಚ್ಚಿದ ಎಲೆಗಳೆಲ್ಲಾ ನೀರ ಮೇಲೆ ಸಾಲಾಗಿ ತೇಲ್ತಿದ್ವು, ಒಂದೊಂದರ ಮೇಲೂ ಅನ್ನ ಬಡಿಸಿತ್ತು. ಒಂದಗುಳೂ ಚೆಲ್ಲದಂಗೆ ಎಲೆಯಿಂದ ಎಲೆಗೆ ಕಾಲಿಡ್ತಾ ಬಂದ್ಲು. ಇನ್ನೊಂದು ಎಲೆ ಇದ್ದಿದ್ರೆ ದಡ ಸಿಕ್ತಿತ್ತು. ಆ ಒಂದನ್ನ ನಾನು ಹಚ್ಚೇ ಇರಲಿಲ್ಲ.”

ದೇವಿ ಅಂದ್ರೆ ದೇವಮ್ಮಣ್ಣಿ, ಅವಳ ಒಡಹುಟ್ಟಿದ ತಂಗಿ. ಗಡಿಯಾಚೆ ತಾಳವಾಡಿ ಕಡೆಗೆ ಕೊಟ್ಟಿದ್ರು. ಇಬ್ಬರ ತಾಯಿ ತೀರ್ಕೊಂಡ ದಿನ ಬಸಮ್ಮಣ್ಣಿ ತಂಗಿಗೆ ಹೇಳಿ ಕಳಿಸಿದ್ಲು, ಆ ಕಡೆ ಹೋಗ್ತಿದ್ದ ಲಾರಿಯವನ ಕೈಲಿ. ಆ ಪುಣ್ಯಾತ್ಮ ಮರೆತ. ತಂಗಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಮಣ್ಣಾಗಿ ವಾರ ಆಗಿತ್ತು. ಓಡಿ ಬಂದೋಳು ಅಂಗಳದಲ್ಲೇ ನಿಂತು, “ಬೇಕಂತಲೇ ನಂಗೆ ಹೇಳಲಿಲ್ಲ, ಅವ್ವನ ಮುಖ ನೋಡೋಕೆ ಬಿಡಲಿಲ್ಲ, ಇನ್ನು ಈ ಹೊಸಲು ತುಳಿಯಲ್ಲ” ಅಂದು ಹಿಂದಕ್ಕೆ ಹೋದ್ಲು. ಇವಳೂ “ಹೇಳಿ ಕಳಿಸಿದ್ದೆ, ನಂಬದಿದ್ರೆ ಹೋಗು” ಅಂದ್ಲು. ಅಷ್ಟೇ. ವರ್ಷಗಳಾಗಿ ಹೋದ್ವು.

ಫೋನ್ ಇರಲಿಲ್ವಾ ಅಂತ ನೀವು ಕೇಳ್ತೀರ, ನಂಗೊತ್ತು. ಇತ್ತು. ತಾಯಿ ಸತ್ತ ದಿನ ಇರಲಿಲ್ಲ, ಆಮೇಲೆ ಬಂದಿತ್ತು. ಬಸ್ಸೂ ಇತ್ತು, ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ತಂಗಿ ಮನೆ. ಆದ್ರೆ ಮೊದಲು ಹತ್ತೋರು ಯಾರು? ನಿಮ್ಮ ಮನೇಲೂ ಇಂಥಾ ಒಬ್ಬರು ಇದ್ದೇ ಇರ್ತಾರೆ, ಅವರನ್ನೇ ಕೇಳಿ.

ಅಂತೂ ಹಗಲೆಲ್ಲಾ ತಂಗಿ ಹೆಸರು ಎತ್ತದೋಳಿಗೆ ಬೆಳಗಿನ ಜಾವ ಅವಳದ್ದೇ ಕನಸು.

ಊರ ಗ್ರಂಥಾಲಯಕ್ಕೆ ಇಂದ್ರಾಣಿ ಅಂತ ಒಬ್ಬರು ಮೇಡಂ ಬಂದ್ರು. ಅಲ್ಲೊಂದು ಕಂಪ್ಯೂಟರ್ ಇತ್ತು. ಹಬ್ಬಕ್ಕೆ ಎಲೆ ಕೊಳ್ಳೋಕೆ ಬಂದೋರು ಈ ಹೊಳೆಯ ಕನಸು ಕೇಳಿಸ್ಕೊಂಡು ಹಂಗೇ ನಿಂತುಬಿಟ್ರು. “ಅಮ್ಮಾ, ಇದನ್ನ ನೀರಿಗೆ ಹೇಳಿ ಬಿಟ್ಟುಬಿಡ್ತೀರಲ್ಲ. ಬ್ಲಾಗ್ ಅಂತ ಒಂದು ಮಾಡಿ ಬರೆದಿಟ್ರೆ ಯಾರು ಬೇಕಾದ್ರೂ ಓದಬಹುದು.”

“ತಾಳವಾಡೀಲೂ ಓದ್ತಾರಾ?”

“ಎಲ್ಲಿ ಬೇಕಾದ್ರೂ ಓದ್ತಾರೆ.”

ಬಸಮ್ಮಣ್ಣಿ ಕಡ್ಡಿ ಚುಚ್ಚೋದು ನಿಲ್ಲಿಸಿದ್ಲು. ಅವಳ ಆಸೆ ಇಷ್ಟೇ: ತಾನು ಮೊದಲು ಬಸ್ ಹತ್ತಬಾರದು, ಕನಸು ಹತ್ತಲಿ. ಅದು ಹೋಗಿ ತಂಗಿಯನ್ನ ಕರ್ಕೊಂಡು ಬರಲಿ.

“ನಂಗೆ ಅದೆಲ್ಲಾ ಬರಲ್ಲ ಮೇಡಮ್ಮೋರೆ. ನನ್ನ ಮಗ ಬರೀತಾನೆ. ಹೇಳಿದ್ದನ್ನ ಹೇಳಿದಂಗೇ ಬರೆಯೋದ್ರಲ್ಲಿ ಅವನನ್ನ ಮೀರಿಸೋರಿಲ್ಲ” ಅಂದ್ಲು. ಹೆತ್ತವಳು, ಏನಾದ್ರೂ ಒಂದು ಹೊಗಳಬೇಕಲ್ಲ.

ಮೇಡಂ ಗುರುಮಲ್ಲನ್ನ ಕೂರಿಸ್ಕೊಂಡು ಒಂದು ಇಮೇಲ್ ಮಾಡಿಕೊಟ್ರು, ‘ನೀರಿಗೆ ಹೇಳಿದ್ದು’ ಅಂತ ಒಂದು ಬ್ಲಾಗ್ ಮಾಡಿಕೊಟ್ರು, ಪಾಸ್‌ವರ್ಡ್ ಇಟ್ಟುಕೊಟ್ರು. “ನೋಡು ಗುರುಮಲ್ಲ, ಇದು ನಿನ್ನ ಪೆಟ್ಟಿಗೆಯ ಕೀಲಿ. ಯಾರು ಕೇಳಿದ್ರೂ ಕೊಡಬೇಡ. ಕಾಲು ಹಿಡಿದು ಕೇಳಿದ್ರೂ ಕೊಡಬೇಡ.”

“ಆಯ್ತು ಮೇಡಮ್ಮೋರೆ. ಹೇಳ್ದಂಗೇ ಮಾಡ್ತೀನಿ.”

ಮಾರನೇ ದಿನ ಅವ್ವನ ಕನಸನ್ನ ಬಾಯಲ್ಲೇ ಜಪಿಸ್ತಾ ಹೋದ, ಕಂಪ್ಯೂಟರ್ ಮುಂದೆ ಕೂತ. ಅದು ಪಾಸ್‌ವರ್ಡ್ ಕೇಳ್ತು. ಇವನು ಕೈಕಟ್ಕೊಂಡ. ಅದು ಸುಮ್ಮನೆ ಕಣ್ಣು ಮಿಟುಕಿಸ್ತು. ಇವನೂ ಮಿಟುಕಿಸಿದ. ಬಾಗಿಲು ಹಾಕೋ ಹೊತ್ತಿಗೆ ಮೇಡಂ ಬಂದು ನೋಡ್ತಾರೆ, ಒಂದಕ್ಷರ ಬರೆದಿಲ್ಲ.

“ಏನೋ ಮಾಡ್ತಿದ್ದೆ ಇಷ್ಟು ಹೊತ್ತು?”

“ಬೆಳಿಗ್ಗೆಯಿಂದ ಕೇಳ್ತಾನೇ ಇದೆ ಮೇಡಮ್ಮೋರೆ. ನಾನು ಬಾಯಿ ಬಿಡಲಿಲ್ಲ.”

“ಅಯ್ಯೋ ನಿನ್ನ. ಕಂಪ್ಯೂಟರಿಗೂ ಕೊಡದಿದ್ರೆ ಒಳಗೆ ಹೋಗೋದು ಹೆಂಗೋ? ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ರೆ ಕೊಡಬೇಕು, ಕೊಟ್ಟು ಒಳಗೆ ಹೋಗಬೇಕು.”

“ಅಷ್ಟೇ ತಾನೇ? ಹೇಳ್ದಂಗೇ ಮಾಡ್ತೀನಿ.”

ಅವತ್ತೇ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಆ ಹೊಳೆಯ ಕನಸು ಬರೆದ. ಅದರ ಮಾರನೇ ದಿನ ಅವ್ವ ಅವನನ್ನ ಸಂತೆಗೆ ಕಳಿಸಿದ್ಲು, ಎಲೆ ಕಟ್ಟು ಹೊರಿಸಿ. ಬಸ್ ಬಂತು. ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದ.

“ಎಲ್ಲಿಗೆ?” ಅಂದ.

ಗುರುಮಲ್ಲ ಅವನ ಕಿವಿ ಹತ್ರ ಬಗ್ಗಿ ಪಾಸ್‌ವರ್ಡ್ ಹೇಳಿದ.

“ಏನು? ಜೋರಾಗಿ ಹೇಳಯ್ಯ, ಅದು ಯಾವೂರು?”

ಗುರುಮಲ್ಲ ಜೋರಾಗಿ ಹೇಳಿದ. ಬಸ್ಸಿಗೆ ಬಸ್ಸೇ ಕೇಳಿಸ್ಕೊಳ್ತು. “ಆ ಹೆಸರಿನ ಸ್ಟಾಪ್ ಇಲ್ಲ, ಇಳಿ ಇಳಿ” ಅಂತ ಇಳಿಸಿಬಿಟ್ಟ. ಇಳಿದೋನು ನಡ್ಕೊಂಡೇ ಸಂತೆಗೆ ಹೋದ. ಹೋಟ್ಲ ಬಾಗಿಲಲ್ಲಿ “ಏನು ಕೊಡ್ಲಿ” ಅಂದೋನಿಗೂ ಹೇಳಿದ, ಮಠದ ಬಾಗಿಲಲ್ಲಿ “ಯಾರ ಮಗನಪ್ಪಾ” ಅಂದೋರಿಗೂ ಹೇಳಿದ. ಪಾಸ್‌ವರ್ಡ್ ಏನು ಅಂತ ನಂಗೂ ಗೊತ್ತು, ಆದ್ರೆ ನಿಮಗೆ ಹೇಳಲ್ಲ. ನಾನೇನು ಗುರುಮಲ್ಲನಾ?

ಎರಡೇ ದಿನದಲ್ಲಿ ಬ್ಲಾಗ್ ನೋಡ್ತಾರೆ, ಹೊಳೆ ಮೇಲೆ ನಡೆಯೋ ದೇವಿಯ ಕೆಳಗೆ ‘ಹೋರಿಗರು ಮಾರಾಟಕ್ಕಿದೆ’ ಅಂತ ಯಾರೋ ಬರೆದವ್ರೆ. ಅದರ ಕೆಳಗೆ ಕಬಡ್ಡಿ ಪಂದ್ಯದ ಫೋಟೋ. ಮೇಡಂ ಎಲ್ಲಾ ಒರೆಸಿ, ಪಾಸ್‌ವರ್ಡ್ ಬದಲಾಯಿಸಿ, ಉಸ್ಸಪ್ಪಾ ಅಂತ ಕೂತ್ರು.

“ಊರಿಗೆಲ್ಲಾ ಗೊತ್ತಿರೋದು ಕೀಲಿ ಹೆಂಗಾಗುತ್ತೆ ಗುರುಮಲ್ಲ? ಎಲ್ಲರಿಗೂ ಗೊತ್ತಾದದ್ದನ್ನ ಬದಲಾಯಿಸಿಬಿಡಬೇಕು. ನಿನಗೊಬ್ಬನಿಗೇ ಗೊತ್ತಿರಬೇಕು.”

“ಮೊದಲೇ ಹೇಳಬಾರದಿತ್ತಾ ಮೇಡಮ್ಮೋರೆ. ಹಂಗೇ ಮಾಡ್ತೀನಿ.”

ಮನೆಗೆ ಬಂದು ನೋಡಿದ. ಉಪ್ಪು ಎಲ್ಲಿದೆ ಅಂತ ಬೀದಿಗೆಲ್ಲಾ ಗೊತ್ತು. ರಾಗಿಹಿಟ್ಟಿನ ಡಬ್ಬ ಎಲ್ಲಿದೆ ಅಂತ ಪಕ್ಕದ ಮನೆಯೋರಿಗೆ ಗೊತ್ತು. ಬೆಂಕಿಪೊಟ್ಟಣ, ಸೀಗೆಪುಡಿ, ಅವ್ವನ ಕನ್ನಡಕ, ಎಲ್ಲಾ ಎಲ್ಲರಿಗೂ ಗೊತ್ತು. ಮಧ್ಯಾಹ್ನವೆಲ್ಲಾ ಕೂತು ಒಂದೊಂದನ್ನೂ ಬದಲಾಯಿಸಿದ. ಬಸಮ್ಮಣ್ಣಿ ಬಿಸಿಲಲ್ಲಿ ಎಲೆ ಆಯ್ದು ತಲೆಹೊರೆ ಇಳಿಸಿ, ಹಸಿದು, ಒಲೆ ಹಚ್ಚೋಕೆ ಬಂದ್ಲು. ಬೆಂಕಿಪೊಟ್ಟಣ ಇಲ್ಲ, ಹಿಟ್ಟಿಲ್ಲ, ಉಪ್ಪಿಲ್ಲ.

“ಹಿಟ್ಟಿನ ಡಬ್ಬ ಎಲ್ಲೋ?”

“ಹೇಳಲ್ಲ ಕಣವ್ವ. ನನಗೊಬ್ಬನಿಗೇ ಗೊತ್ತಿರಬೇಕು.”

“ಹೊಟ್ಟೆ ಹಸೀತಾ ಇದೆ ಕಣೋ ಮಗ.”

“ಕಾಲು ಹಿಡಿದ್ರೂ ಹೇಳಬಾರದಂತೆ.”

ಕೊನೆಗೆ ಅವನಿಗೂ ಹೊಟ್ಟೆ ಚುರುಗುಟ್ತು. ಹುಡುಕೋಕೆ ಹೋದ. ಎಲ್ಲಿಟ್ಟೆ ಅನ್ನೋದು ಅವನಿಗೂ ಮರೆತು ಹೋಗಿತ್ತು. ಅವತ್ತು ತಾಯಿ ಮಗ ಇಬ್ಬರೂ ಪಕ್ಕದ ಮನೆಯೋರು ಕೊಟ್ಟ ಮುದ್ದೆ ಉಂಡ್ರು. ಉಪ್ಪು ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಬಸಮ್ಮಣ್ಣಿ ಗ್ರಂಥಾಲಯಕ್ಕೇ ಹೋಗಿ ಗೋಳು ಹೇಳ್ಕೊಂಡ್ಲು. ಮೇಡಂ ನಗೋದಾ ಅಳೋದಾ ತಿಳೀದೆ ಅವನ ಕಡೆ ತಿರುಗಿದ್ರು. “ಕಳೆದುಹೋಗದಂಗೆ ಇರಬೇಕು ಅಂದ್ರೆ ಪ್ರತಿಯೊಂದಕ್ಕೂ ಜೋಡಿ ಇರಬೇಕು ಗುರುಮಲ್ಲ. ಒಂದು ಇಲ್ಲಿ, ಇನ್ನೊಂದು ಬೇರೆ ಕಡೆ. ಅವ್ವನ ಕನಸನ್ನೂ ಹಂಗೇ ಎರಡು ಕಡೆ ಇಡು. ಒಂದು ಹೋದ್ರೂ ಇನ್ನೊಂದಿರುತ್ತೆ.”

“ಓಹೋ, ಹಿಂಗಾ. ಆಯ್ತು.”

ಅವತ್ತಿನ ಕನಸು ಚೆನ್ನಾಗಿತ್ತು. ಕೇಳಿ. ಅರಿಶಿನದ ಹೊಲದ ಮೇಲೆ ಒಂದು ಬಸ್ಸು ತೇಲ್ಕೊಂಡು ಹೋಗ್ತಿತ್ತು, ಡ್ರೈವರ್ ಇಲ್ಲ. ಒಳಗೆ ಸತ್ತುಹೋದ ತಾಯಿ ಕಿಟಕಿ ಪಕ್ಕ ಕೂತಿದ್ಲು, ಪಕ್ಕದ ಎರಡು ಸೀಟಿಗೆ ಟವಲ್ಲು ಹಾಸಿ ಹಿಡ್ಕೊಂಡಿದ್ಲು. ಕೂರೋಕೆ ಬಂದೋರಿಗೆಲ್ಲಾ, “ನನ್ನ ಮಕ್ಕಳು ಬರ್ತಾವೆ, ಹಿಂದಕ್ಕೆ ಹೋಗಿ” ಅಂತಿದ್ಲು. ಬಸ್ಸು ಎಲ್ಲೂ ನಿಲ್ತಿರಲಿಲ್ಲ, ಮಕ್ಕಳಿಬ್ಬರೂ ಕೆಳಗೆ ಹೊಲದಲ್ಲಿ ನಿಂತು ನೋಡ್ತಿದ್ರು. ಇದನ್ನ ಗುರುಮಲ್ಲ ಒಂದಕ್ಷರ ಬಿಡದಂಗೆ ಬರೆದ. ಓದಿದೋರು ಕೆಳಗೆ ಏನೇನೋ ಬರೆದ್ರು. ಯಾರೋ ‘ನಮ್ಮಮ್ಮನೂ ಹೀಗೇ ಸೀಟು ಹಿಡೀತಿದ್ರು’ ಅಂತ ಬರೆದ್ರು. ಬಸಮ್ಮಣ್ಣಿ ಮಗನ ಕೈಲಿ ಅದನ್ನೆಲ್ಲಾ ಓದಿಸಿ ಕೇಳಿ, ಕೊನೆಗೆ “ತಾಳವಾಡಿಯೋರು ಯಾರೂ ಬರೆದಿಲ್ವಾ” ಅಂತ ಕೇಳೋಳು. “ಇಲ್ಲ ಕಣವ್ವ” ಅನ್ನೋನು. ದಿನಾ ಇದೇ.

ಸರಿ, ಜೋಡಿ ವಿಷಯಕ್ಕೆ ಬರೋಣ. ಬೆಳಿಗ್ಗೆ ಬಸಮ್ಮಣ್ಣಿ ಎದ್ದು ನೋಡ್ತಾಳೆ, ಕಾಲಿಗೆ ಒಂದೇ ಚಪ್ಪಲಿ. ಕಿವಿಗೆ ಹಾಕೋ ಓಲೆ ಒಂದೇ. ಎರಡು ಆಡು ಸಾಕಿದ್ಲು, ಅದರಲ್ಲಿ ಒಂದೇ ನಿಂತು ಅರಚ್ತಾ ಇದೆ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಕುಂಟ್ತಾ ಗ್ರಂಥಾಲಯಕ್ಕೆ ಓಡಿದ್ರೆ, ಅಲ್ಲಿ ಮೇಜಿನ ಮೇಲೆ ಇನ್ನೊಂದು ಚಪ್ಪಲಿ, ಚಪ್ಪಲಿ ಒಳಗೆ ಓಲೆ. ಕಿಟಕಿ ಸರಳಿಗೆ ಕಟ್ಟಿದ ಇನ್ನೊಂದು ಆಡು. ಆಡು ದಿನಪತ್ರಿಕೆ ಮುಗಿಸಿ ವಾರಪತ್ರಿಕೆಗೆ ಬಾಯಿ ಹಾಕಿತ್ತು.

“ಒಂದು ಹೋದ್ರೂ ಇನ್ನೊಂದಿರುತ್ತೆ ಕಣವ್ವ” ಅಂದ ಗುರುಮಲ್ಲ.

ಮೇಡಂಗೆ ಸಿಟ್ಟು ಬಂತು. ಬರಲ್ವಾ ಮತ್ತೆ? “ಬೇಕಿಲ್ಲದ್ದನ್ನೆಲ್ಲಾ ಒಳಗೆ ತುಂಬಿಸ್ತೀಯ. ನಿನ್ನ ಮೇಲ್ ನೋಡು, ಅಲ್ಲೂ ಕಸ. ಯಾವನೋ ಕೋಟಿ ರೂಪಾಯಿ ಬಹುಮಾನ ಬಂದಿದೆ ಅಂತ ಬರೀತಾನೆ, ಇನ್ಯಾವನೋ ಬ್ಯಾಂಕಿನೋನು ಅಂತಾನೆ. ಎಲ್ಲಾ ಕಳ್ಳರು. ಗೊತ್ತಿಲ್ಲದ ಹೆಸರಿಂದ ಬಂದದ್ದನ್ನ ತೆಗೆದು ನೋಡಲೇಬೇಡ. ಸೀದಾ ಕಸದ ಬುಟ್ಟಿಗೆ ಹಾಕು, ಬುಟ್ಟಿ ಖಾಲಿ ಮಾಡು.”

“ಆಯ್ತು ಮೇಡಮ್ಮೋರೆ. ಹೇಳ್ದಂಗೇ ಮಾಡ್ತೀನಿ.”

ನಾನು ಇಲ್ಲಿ ಒಂದು ಮಾತು ಹೇಳ್ತೀನಿ. ಇಲ್ಲಿ ತನಕ ನೀವು ನಕ್ಕಿದ್ದೀರ, ನಗಿ, ಬೇಡ ಅನ್ನಲ್ಲ. ಮುಂದಿನದಕ್ಕೆ ನನಗೆ ನಗು ಬರಲ್ಲ.

ಒಂದು ಸಂಜೆ ಗುರುಮಲ್ಲ ಎದೆ ಉಬ್ಬಿಸ್ಕೊಂಡು ಮನೆಗೆ ಬಂದ. ಬಸಮ್ಮಣ್ಣಿ ಜಗಲಿ ಮೇಲೆ ಎಲೆ ಹಚ್ತಾ ಇದ್ಲು.

“ಅವ್ವ, ಇವತ್ತು ಬುಟ್ಟಿ ಪೂರ್ತಿ ಖಾಲಿ ಮಾಡ್ದೆ. ಒಂದು ಕಸ ಇಲ್ಲ.”

“ಒಳ್ಳೇದಾಯ್ತು ಬುಡು.”

“ಕಾರ್ತಿಕ್ ಅಂತ ಯಾರೋ ಕಳಿಸಿದ್ದ. ನಂಗೆ ಆ ಹೆಸರಿನೋರು ಯಾರೂ ಗೊತ್ತಿಲ್ಲ. ಮೇಲ್ಗಡೆ ‘ಅಕ್ಕ, ನಾನು ದೇವಿ, ಮೊಮ್ಮಗನ ಕೈಲಿ ಬರೆಸ್ತಾ ಇದ್ದೀನಿ’ ಅಂತ ಇತ್ತು. ತೆಗೆದು ನೋಡ್ಲಿಲ್ಲ. ಎಸ್ದೆ.”

ಬಸಮ್ಮಣ್ಣಿ ಕೈಲಿದ್ದ ಎಲೆ ಕೈಲೇ ಉಳೀತು. ಆಮೇಲೆ ಎದ್ದು ಬರಿಗಾಲಲ್ಲಿ ಓಡಿದ್ಲು. ಬೀಗ ಹಾಕಿ ಹೊರಟಿದ್ದ ಮೇಡಂ ಮತ್ತೆ ಬಾಗಿಲು ತೆಗೆದು, ಅಲ್ಲಿ ನೋಡಿದ್ರು, ಇಲ್ಲಿ ನೋಡಿದ್ರು. ಬುಟ್ಟಿ ಖಾಲಿ ಮಾಡಿದ ಮೇಲೆ ಮುಗೀತು, ಎಲ್ಲೂ ಸಿಗಲ್ಲ.

“ಒಳಗೆ ಏನು ಬರೆದಿದ್ಲೋ?”

“ಗೊತ್ತಾಗಲ್ಲಮ್ಮ.”

ಗೊತ್ತಾಗಲ್ಲ. ‘ಬಾ ಅಕ್ಕ’ ಅಂತ ಬರೆದಿದ್ಲೋ, ‘ಇನ್ನು ನನ್ನ ಹೆಸರೆತ್ತಬೇಡ’ ಅಂತ ಬರೆದಿದ್ಲೋ. ಹೋಗೋಣ ಅಂದ್ರೆ ಎರಡನೇದಾಗಿದ್ರೆ ಏನು ಗತಿ? ಸುಮ್ಮನಿರೋಣ ಅಂದ್ರೆ ಮೊದಲನೇದಾಗಿದ್ರೆ? ಬಸಮ್ಮಣ್ಣಿ ಅತ್ತುಬಿಟ್ಲು. ಗುರುಮಲ್ಲ ಅವ್ವನ ಸೆರಗು ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದ, ಅಳ್ತಿದ್ದಾಳೆ ಅಂತ ಅವನೂ ಅತ್ತ.

ಮೇಡಂ ಮನಸ್ಸು ಕರಗಿತು. ತಮ್ಮದೂ ತಪ್ಪಿದೆ ಅನ್ನಿಸ್ತೋ ಏನೋ, ಈ ಸಲ ಮೆತ್ತಗೆ ಹೇಳಿದ್ರು. “ಗುರುಮಲ್ಲ, ಗೊತ್ತಿಲ್ಲದೋರು ಅಂದ ತಕ್ಷಣ ಎಸೆಯೋದೂ ತಪ್ಪು, ಗೊತ್ತಿರೋರ ಹಂಗೆ ಕಾಣ್ತಾರೆ ಅಂತ ನಂಬೋದೂ ತಪ್ಪು. ಮೋಸ ಮಾಡೋರು ಥೇಟ್ ನಮ್ಮೋರ ಹಂಗೇ ಇರ್ತಾರೆ. ಅದಕ್ಕೇ ಕೇಳಿ ನೋಡಬೇಕು. ಅವರೊಬ್ಬರಿಗೇ ಗೊತ್ತಿರೋ ಒಂದು ಪ್ರಶ್ನೆ ಕೇಳು. ಉತ್ತರ ತಾಳೆ ಆಯ್ತಾ, ಒಳಗೆ ಬಿಡು. ಆಗಲಿಲ್ವಾ, ಎಷ್ಟೇ ನಮ್ಮೋರ ಹಂಗಿದ್ರೂ ಹೊರಗೆ ನಿಲ್ಲಿಸು.”

ಅವನು ಕಣ್ಣೊರೆಸ್ಕೊಂಡು, “ಹೇಳ್ದಂಗೇ ಮಾಡ್ತೀನಿ” ಅಂದ.

ಅವತ್ತಿಂದ ಬಸಮ್ಮಣ್ಣಿಗೆ ಕನಸು ಬೀಳೋದೇ ನಿಂತುಹೋಯ್ತು. ಬೆಳಿಗ್ಗೆ ಎದ್ದು ತೊಟ್ಟಿ ಹತ್ರ ಹೋಗೋಳು, ಪದ್ಧತಿ ನೋಡಿ, ಬಿಡೋಕಾಗಲ್ಲ. ನೀರು ಕಪ್ಪಗೆ ಸುಮ್ಮನಿರೋದು. ಅದರ ಮೇಲೆ ಬಗ್ಗಿ, “ಇವತ್ತು ಏನೂ ಕಾಣಲಿಲ್ಲ” ಅನ್ನೋಳು. ಗುರುಮಲ್ಲ ಹೋಗಿ ಬ್ಲಾಗಲ್ಲಿ ಬರೆಯೋನು, ‘ಇವತ್ತು ಏನೂ ಕಾಣಲಿಲ್ಲ’. ಮಾರನೇ ದಿನವೂ ಅದೇ ಹೇಳೋಳು, ಅದನ್ನೇ ಬರೆಯೋನು. ಬೇರೆ ಯಾರಾದ್ರೂ ಆಗಿದ್ರೆ ಇದನ್ನೇನು ಬರೆಯೋದು ಅಂತ ಬಿಡ್ತಿದ್ರು. ಇವನು ಬಿಡ್ತಾನಾ?

ಹಿಂಗೇ ಇರಬೇಕಾದ್ರೆ ಒಂದು ಮಧ್ಯಾಹ್ನ. ಬಿಸಿಲು ಅಂಗಳದಲ್ಲಿ ಮಲಗಿತ್ತು, ಆಡು ನೆರಳಲ್ಲಿ ಮಲಗಿತ್ತು. ಬಸಮ್ಮಣ್ಣಿ ಒಳಗೆ ಎಲೆ ನೆನೆಹಾಕ್ತಾ ಇದ್ಲು. ಹೊರಗೆ ಯಾರೋ ಬಾಗಿಲು ಬಡಿದ್ರು. ಗುರುಮಲ್ಲ ಇಷ್ಟೇ ಇಷ್ಟು ತೆಗೆದು ನೋಡಿದ. ಕೈಲಿ ಒಂದು ಚೀಲ ಹಿಡಿದು, ಬೆವೆತು, ಒಬ್ಬಳು ಹೆಂಗಸು ನಿಂತವಳೆ.

“ಅಕ್ಕ ಹೆಂಗವಳೆ ಗುರುಮಲ್ಲ? ಬದುಕವಳಾ?”

“ನೀವು ಯಾರು?”

“ನಾನು ಕಣೋ, ನಿಮ್ಮ ಚಿಕ್ಕವ್ವ.”

ಗುರುಮಲ್ಲ ಮೇಲಿಂದ ಕೆಳಕ್ಕೆ ನೋಡಿದ. “ಹೌದು, ಥೇಟ್ ನಮ್ಮ ಚಿಕ್ಕವ್ವನ ಹಂಗೇ ಇದ್ದೀರ” ಅಂದ. ಅಂದೋನೇ ಬಾಗಿಲು ಹಾಕಿ ಅಗುಳಿ ಇಟ್ಟು ಬೆನ್ನು ಕೊಟ್ಟು ನಿಂತ.

ಒಳಗೆ ಬಸಮ್ಮಣ್ಣಿಗೆ ದನಿ ಕೇಳಿಸಿತ್ತು. ಒದ್ದೆ ಕೈಯಲ್ಲೇ ಓಡಿ ಬಂದ್ಲು, ಬಂದು ಮಗನ ಮುಂದೆ ನಿಂತ್ಲು. ತೆಗಿ ಅನ್ನೋಕೆ ಹೋಗಿ ತಡೆದ್ಲು. ಏನು ಹೇಳೋಕೆ ಬಂದಿದ್ದಾಳೋ ಅಂತ ಬಾಗಿಲಿಗೆ ಕಿವಿ ಕೊಟ್ಲು.

ಹೊರಗಿಂದ ದೇವಮ್ಮಣ್ಣಿ ಅಂದ್ಲು, “ಬಾಗಿಲೂ ತೆಗೆಯಲ್ವಾ? ಇರಲಿ ಬುಡು. ಕಾಗದ ಬರೆಸಿದೆ, ಅದಕ್ಕೂ ಉತ್ತರ ಇಲ್ಲ. ಸರಿ, ನನ್ನ ಹಣೆಬರಹ ಅಂತ ಸುಮ್ಮನಿದ್ದೆ. ಆದ್ರೆ ದಿನಾ ಕನಸು ಕಾಣೋಳು ಏನೂ ಕಾಣಲಿಲ್ಲ, ಏನೂ ಕಾಣಲಿಲ್ಲ ಅಂದ್ರೆ ಹೆಂಗಿರೋದು ನಾನು? ಮೊಮ್ಮಗ ಓದಿ ಓದಿ ಹೇಳ್ತಾನೆ, ನಂಗೆ ಅನ್ನ ಇಳಿಯಲ್ಲ.”

“ಕಾಗದ ಅವ್ವನಿಗೆ ಮುಟ್ಟೇ ಇಲ್ಲ” ಅಂದ ಗುರುಮಲ್ಲ. “ನಾನು ಎಸ್ದೆ. ನೋಡದೇ ಎಸ್ದೆ. ಅವ್ವ ಅತ್ಲು.”

ಕಳಿಸಿದ ಮಾತು ದಾರೀಲಿ ಕಳೆದುಹೋಗುತ್ತೆ, ಅದನ್ನ ಯಾರೂ ಬೇಕಂತಲೇ ಮಾಡಿರಲ್ಲ. ಹೊರಗೆ ನಿಂತಿದ್ದ ದೇವಮ್ಮಣ್ಣಿಗೆ ಅದು ಆಗ ಹೊಳೀತು. ಬಾಗಿಲಿಗೆ ಕೈ ತಾಗಿದ ಸದ್ದಾಯ್ತು, ಬಡಿದದ್ದಲ್ಲ.

“ತೆಗಿಯೋ ಮಗ.”

“ಒಂದು ಪ್ರಶ್ನೆ ಕೇಳಬೇಕು. ನಿಮಗೊಬ್ಬರಿಗೇ ಗೊತ್ತಿರೋದು.” ಗುರುಮಲ್ಲ ಯೋಚನೆ ಮಾಡಿದ. ಅವನ ತಲೇಲಿ ಏನಿರುತ್ತೆ? ಹುಟ್ಟಿದಾಗಿಂದ ಮನೇಲಿ ಕೇಳಿರೋ ಜಗಳ ಒಂದೇ. “ಅಜ್ಜಿ ಸತ್ತ ದಿನ ನೀವು ಎಲ್ಲಿದ್ರಿ?”

ಆ ಪ್ರಶ್ನೆಯನ್ನ ಇಷ್ಟು ವರ್ಷದಲ್ಲಿ ಯಾರೂ ಅವಳನ್ನ ಕೇಳಿರಲಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದ್ರು. ಎಲ್ಲಿದ್ದೆ ಅಂತ ಯಾರು ಕೇಳಿದ್ರು?

“ಅರಿಶಿನ ಕೀಳ್ತಾ ಇದ್ದೆ ಕಣಪ್ಪ” ಅಂದ್ಲು ದೇವಮ್ಮಣ್ಣಿ. “ಹತ್ತಾರು ಹೆಂಗಸರಿದ್ವಿ. ಹಾಡ್ತಾ ಇದ್ದೆ, ನಗ್ತಾ ಇದ್ದೆ. ನಮ್ಮವ್ವ ಕಣ್ಮುಚ್ಚೋ ಹೊತ್ತಿಗೆ ನಾನು ನಗ್ತಾ ಇದ್ದೆ. ಅದು ಒಂದು ನನ್ನ ಬಿಟ್ಟು ಹೋಗಲ್ಲ. ಅದರ ಸಂಕಟಕ್ಕೆ ಅಕ್ಕನ ಮೇಲೆ ಕೂಗಾಡಿದೆ.”

ಗುರುಮಲ್ಲ ಅವ್ವನ ಕಡೆ ತಿರುಗಿದ. “ಅವ್ವ, ಉತ್ತರ ಸರೀನಾ?”

ಬಸಮ್ಮಣ್ಣಿಯ ಕೆನ್ನೆ ಎಲ್ಲಾ ಒದ್ದೆ. “ನಂಗೇನು ಗೊತ್ತೋ ಮಗ. ನಾನು ಅವಳನ್ನ ಯಾವತ್ತೂ ಕೇಳಲೇ ಇಲ್ಲ.”

“ಗೊತ್ತಿಲ್ವಾ? ಹಂಗಾದ್ರೆ ತಾಳೆ ಆಗಲಿಲ್ಲ.” ಆಮೇಲೆ ಅವನಿಗೊಂದು ಅನುಮಾನ ಬಂತು. ಅವ್ವನ್ನೂ ಮೇಲಿಂದ ಕೆಳಕ್ಕೆ ನೋಡಿದ. “ನೀನೂ ಹೇಳು. ಅವತ್ತು ನೀನು ಎಲ್ಲಿದ್ದೆ?”

“ಬಾಗಿಲಲ್ಲಿ” ಅಂದ್ಲು ಬಸಮ್ಮಣ್ಣಿ. ಇದನ್ನ ಅವಳು ಮಗನಿಗೆ ಹೇಳಿದ್ದಲ್ಲ, ಬಾಗಿಲಿಗೆ ಹೇಳಿದ್ದು. “ಹೊತ್ತು ಮುಳುಗೋ ತನಕ ಬಾಗಿಲಲ್ಲೇ ಇದ್ದೆ. ಎತ್ತೋಣ ಅಂತ ಎಲ್ಲರೂ ಅವಸರ ಮಾಡಿದ್ರು. ನನ್ನ ತಂಗಿ ಬರ್ತಾಳೆ, ಅವಳು ಬರದೆ ಅವ್ವನ್ನ ಮುಟ್ಟಬೇಡಿ ಅಂತ ಅಡ್ಡ ನಿಂತಿದ್ದೆ. ನನ್ನನ್ನ ಹಿಡಿದು ಪಕ್ಕಕ್ಕೆ ಎಳೆದು ಎತ್ತಿದ್ರು.”

ಹೊರಗೆ ಅಳು ಕೇಳಿಸ್ತು. ಗುರುಮಲ್ಲ ಬಾಗಿಲ ಸಂದಿಗೆ ಬಾಯಿಟ್ಟು ಕೇಳಿದ. “ಅಳಬೇಡಿ, ಹೇಳಿ. ಈ ಉತ್ತರ ಸರೀನಾ?”

“ನಂಗೆ ಗೊತ್ತಿರಲಿಲ್ಲ” ಅಂದ್ಲು ದೇವಮ್ಮಣ್ಣಿ. “ಅಕ್ಕ, ನಂಗೆ ಇದು ಗೊತ್ತೇ ಇರಲಿಲ್ಲ.”

ಗುರುಮಲ್ಲ ತಲೆ ಕೆರ್ಕೊಂಡ. ಇವಳ ಉತ್ತರ ಅವಳಿಗೆ ಗೊತ್ತಿಲ್ಲ. ಅವಳ ಉತ್ತರ ಇವಳಿಗೆ ಗೊತ್ತಿಲ್ಲ. ಮೇಡಮ್ಮೋರು ಹೇಳಿದ್ದು ಸ್ಪಷ್ಟವಾಗಿದೆ, ತಾಳೆ ಆಗದಿದ್ರೆ ಎಷ್ಟೇ ನಮ್ಮೋರ ಹಂಗಿದ್ರೂ ಹೊರಗೆ. ಅಗುಳಿ ತೆಗೆದ. ಅವ್ವನ ಎರಡು ಭುಜ ಹಿಡಿದು, ನೋವಾಗದಂಗೆ ಮೆತ್ತಗೆ, ಹೊಸಲಿನಾಚೆ ನಿಲ್ಲಿಸಿದ. ಮತ್ತೆ ಒಳಗೆ ಬಂದು ಬಾಗಿಲು ಹಾಕಿ ಅಗುಳಿ ಇಟ್ಟ.

ಜಗಲಿ ಮೇಲೆ ಅಕ್ಕ ತಂಗಿ ಎದುರು ಬದುರು ನಿಂತ್ರು. ಇಬ್ಬರಿಗೂ ತಲೆ ನೆರೆತಿತ್ತು. ಒಬ್ಬರನ್ನೊಬ್ಬರು ತಬ್ಕೊಂಡು ಅತ್ರು, ಅತ್ತು ಅತ್ತು ಸುಸ್ತಾಗಿ ಕೂತ್ರು. ದೇವಮ್ಮಣ್ಣಿ ಸೆರಗಿನ ತುದಿಯಿಂದ ಅಕ್ಕನ ಮುಖ ಒರೆಸಿದ್ಲು. ಇಬ್ಬರೂ ಅವ್ವನ ಮಾತಾಡಿದ್ರು, ಅರಿಶಿನದ ಮಾತಾಡಿದ್ರು, ಕಾರ್ತಿಕನ ಮಾತಾಡಿದ್ರು. ಬಿಸಿಲು ಇಳೀತು, ಇಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ಬಸಮ್ಮಣ್ಣಿಗೆ ಮನೆಗೆ ಬಂದ ತಂಗಿಗೆ ಒಂದು ಲೋಟ ನೀರೂ ಕೊಟ್ಟಿಲ್ಲ ಅಂತ ನೆನಪಾಯ್ತು. ಎದ್ದು ಬಾಗಿಲು ತಟ್ಟಿದ್ಲು.

“ಲೋ ಮಗ, ತೆಗಿ. ನಿನ್ನ ಚಿಕ್ಕವ್ವ ಬಂದವಳೆ, ಅಡಿಗೆ ಮಾಡಬೇಕು.”

“ಯಾರು ಅದು?”

“ನಿಮ್ಮವ್ವ ಕಣೋ.”

ಒಳಗಿಂದ ಗುರುಮಲ್ಲ ಹೇಳಿದ, “ನಮ್ಮವ್ವನ ದನಿ ನಂಗೆ ಗೊತ್ತಿಲ್ವಾ? ಅವಳು ಹಿಂಗೆ ನಗ್ತಾ ಮಾತಾಡೋದನ್ನ ನಾನು ಕೇಳೇ ಇಲ್ಲ. ಯಾರೋ ಕಳ್ಳರು, ಹೋಗಿ ಹೋಗಿ. ನಮ್ಮವ್ವ ಬರಲಿ, ಆಮೇಲೆ ತೆಗೀತೀನಿ.”